ಲಂಗರು ಹಾಕಿದ ಹಡಗು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳವರಾದ ನಾವು ಕಡಲಿಗೆ ದೂರದವರು. ಮಳೆಯನ್ನು ಎದುರುನೋಡುವ ಬಯಲುಸೀಮೆಯವರಿಗೆ ಹಡಗಿನ ವಿಚಾರವೇಕೆ ಎಂದು ಕೇಳುವವರಿರಬಹುದು. ಆದರೆ ಈ ಸೀಮೆಯ ಗುಡ್ಡಗಳ ಕಬ್ಬಿಣದ ಅದಿರು ಪರದೇಶಗಳನ್ನು ಸೇರಿದ್ದು ಹಡಗಿನಲ್ಲಿ. ನಮ್ಮ ವಾಹನಗಳಿಗೆ ಬೇಕಾದ ಎಣ್ಣೆ ದೇಶದೊಳಕ್ಕೆ ಬರುವುದೂ ಬಹುಮಟ್ಟಿಗೆ ಹಡಗಿನಲ್ಲಿಯೇ. ಅಂತಹ ಹಡಗೊಂದು ಪಣಂಬೂರಿನ ಹೊರಗಡಲಿನಲ್ಲಿ ಲಂಗರು ಹಾಕಿ ತನ್ನ ಸರದಿಗಾಗಿ ಕಾದಿರುವಾಗ, ದಡದಿಂದ ನೋಡುವವರಿಗೆ ಅದು ನಿದ್ರಿಸುತ್ತಿರುವಂತೆ ತೋರುವುದು. ವಾಸ್ತವವಾಗಿ ಅದರ ಯಂತ್ರಶಾಲೆಗೆ ಒಂದು ಗಳಿಗೆಯೂ ವಿರಾಮವಿಲ್ಲ.

ನಮ್ಮ ದುರ್ಗದ ಕೋಟೆಯನ್ನು ನೆನೆಯೋಣ. ಮುತ್ತಿಗೆಯ ಕಾಲದಲ್ಲಿ ಒಳಗಿನವರು ಹೊಂಡದ ನೀರು, ಕಣಜದ ಧಾನ್ಯ, ಎಣ್ಣೆಕೊಳದ ಎಣ್ಣೆಗಳಿಂದಲೇ ಬಾಳಬೇಕಾಗಿತ್ತು. ಲಂಗರಿನ ಮೇಲಿರುವ ಹಡಗಿನ ಸ್ಥಿತಿಯೂ ಹಾಗೆಯೇ. ನೆಲದಿಂದ ಅದಕ್ಕೆ ವಿದ್ಯುತ್ತಿನ ತಂತಿಯಿಲ್ಲ. ದೀಪ, ಅಡುಗೆ, ಆಹಾರದ ಶೀತಲಗೃಹ, ನೀರೆತ್ತುವ ಪಂಪು, ನಿಸ್ತಂತು, ರೇಡಾರ್ ಇವೆಲ್ಲಕ್ಕೂ ಬೇಕಾದ ಶಕ್ತಿಯನ್ನು ತಾನೇ ಉತ್ಪಾದಿಸಿಕೊಳ್ಳಬೇಕು.

ಮುಖ್ಯ ಯಂತ್ರವನ್ನೇ ನಡೆಸಿ ಇದನ್ನು ಪಡೆಯಬಾರದೇ? ಸಾಧಾರಣವಾಗಿ ಸಾಧ್ಯವಿಲ್ಲ. ದೊಡ್ಡ ಸರಕಿನ ಹಡಗುಗಳಲ್ಲಿ ಮುಖ್ಯ ಡೀಸೆಲ್ ಯಂತ್ರವು ಹಡಗನ್ನು ತಳ್ಳುವ ಚಕ್ರಕ್ಕೆ ನೇರವಾಗಿ ಜೋಡಿಸಿರುತ್ತದೆ. ಯಂತ್ರ ತಿರುಗಿದರೆ ಚಕ್ರವೂ ತಿರುಗಿ ಹಡಗು ಮುಂದೆ ಸಾಗುವುದು. ಆದುದರಿಂದ ಮೂರು ನಾಲ್ಕು ಸಹಾಯಕ ಡೀಸೆಲ್ ಯಂತ್ರಗಳನ್ನು ಬೇರೆಯಾಗಿ ಇಟ್ಟಿರುತ್ತಾರೆ. ಲಂಗರಿನಲ್ಲಿರುವಾಗ ಅನೇಕ ವೇಳೆ ಅವುಗಳಲ್ಲಿ ಒಂದೇ ಸಾಕು. ಲಂಗರನ್ನೆತ್ತುವಾಗ ಎರಡನೆಯದನ್ನೂ ಜೊತೆಗೂಡಿಸುತ್ತಾರೆ.

ಆದರೂ ನಿಂತ ಮುಖ್ಯ ಯಂತ್ರವನ್ನು ತಣ್ಣಗಾಗಲು ಬಿಡುವಂತಿಲ್ಲ. ಗಾಳಿ ಬಲವಾಗಿ ಲಂಗರು ಜಾರತೊಡಗಿದರೆ ಅದು ಕೂಡಲೇ ಚಾಲೂ ಆಗಬೇಕು. ಆದಕಾರಣ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದ ನೀರನ್ನು ಅದರ ಮೈಯಲ್ಲಿ ಹರಿಸುತ್ತಿರುತ್ತಾರೆ. ಅದನ್ನು ಚಾಲೂ ಮಾಡುವುದು ಒತ್ತಿಟ್ಟ ಗಾಳಿ. ವಾಯುಮಂಡಲಕ್ಕಿಂತ ಸುಮಾರು 30 ಮಡಿ ಒತ್ತಡದಲ್ಲಿ ಅದನ್ನು ಉಕ್ಕಿನ ಸೀಸೆಗಳಲ್ಲಿ ತುಂಬಿಟ್ಟಿರುತ್ತಾರೆ. ಭಾರದ ಇಂಧನತೈಲವನ್ನು ಉಪಯೋಗಿಸುವ ಹಡಗುಗಳಲ್ಲಿ, ಡಾಂಬರಿನಂತೆ ಮಂದವಾದ ಆ ಎಣ್ಣೆ ಹರಿಯುವಂತೆ ಬಿಸಿಮಾಡಲು ಆವಿಯೂ ಬೇಕು. ಪ್ರಯಾಣದಲ್ಲಿ ಮುಖ್ಯ ಯಂತ್ರದ ಹೊಗೆಯ ಶಾಖವೇ ಆವಿಯನ್ನು ಕೊಡುವುದು. ನಿಂತಾಗ ಬಾಯ್ಲರನ್ನು ಉರಿಸಬೇಕಾಗುವುದು.

ನಡೆಯುತ್ತಿರುವ ಸಹಾಯಕ ಯಂತ್ರವೇ ಕೆಟ್ಟರೆ? ಇನ್ನೊಂದು ತಾನಾಗಿಯೇ ಆ ಹೊಣೆಯನ್ನು ವಹಿಸಿಕೊಳ್ಳುವ ಏರ್ಪಾಡುಂಟು. ಅದೂ ಸೋತರೆ, ಯಂತ್ರಶಾಲೆಯ ಹೊರಗೆ, ಮೇಲ್ಗಡೆಯಲ್ಲಿರುವ ತುರ್ತು ಉತ್ಪಾದಕವು 45 ಸೆಕೆಂಡುಗಳೊಳಗಾಗಿ ಶಕ್ತಿಯನ್ನು ಕೊಡಬೇಕೆಂದು ಅಂತರರಾಷ್ಟ್ರೀಯ ನಿಯಮ. ಕೆಳಗೆ ಬೆಂಕಿ ಬಿದ್ದರೂ ನೀರು ನುಗ್ಗಿದರೂ ಅದು ಉಳಿಯಲೆಂದೇ ಅದನ್ನು ಮೇಲೆ ಇರಿಸುವುದು.

ಈ ಎಚ್ಚರಿಕೆಗಳು ಅತಿಯಾದುವೆಂದು ಭಾವಿಸುವವರು 2021ರ ಮೇ ತಿಂಗಳನ್ನು ಸ್ಮರಿಸಬೇಕು. ತೌಕ್ತೆ ಚಂಡಮಾರುತದ ಹೊಡೆತಕ್ಕೆ ಸಿಕ್ಕಿದ ಒಂದು ಟಗ್ ನೌಕೆ ನಮ್ಮ ಮೂಲ್ಕಿಯ ಬಳಿಯ ಬಂಡೆಗಳಲ್ಲಿ ಸಿಲುಕಿತು. ಯಂತ್ರದ ಕೋಣೆಗಳಿಗೆ ನೀರು ನುಗ್ಗಿ, ನಡೆಯುವ ಬಲವೂ ವಿದ್ಯುತ್ತೂ ಎರಡೂ ಇಲ್ಲವಾದುವು. ಅದರಲ್ಲಿದ್ದ 9 ಮಂದಿಯನ್ನು ಕರಾವಳಿ ರಕ್ಷಣಾ ಪಡೆ ಮತ್ತು ನೌಕಾದಳದವರು 17ನೆಯ ತಾರೀಖು ರಕ್ಷಿಸಿದರು. ಸಮುದ್ರದಲ್ಲಿ ವಿದ್ಯುತ್ತು ಹೋಗುವುದೆಂದರೆ, ಮನೆಯಲ್ಲಿ ಮೇಣದ ಬತ್ತಿಯನ್ನು ಹುಡುಕುವಷ್ಟು ಸುಲಭದ ಪ್ರಸಂಗವಲ್ಲ.

ಪಣಂಬೂರಿನ ನೂತನ ಬಂದರು 1975ರ ಜನವರಿಯಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾಯಿತು. ಅದಕ್ಕೆ ಮುಂಚೆ ಮಂಗಳೂರಿಗೆ ಬಂದ ದೊಡ್ಡ ಹಡಗುಗಳು ದೂರದಲ್ಲೇ ನಿಲ್ಲುತ್ತಿದ್ದುವು. ಸರಕು ದೋಣಿಗಳಲ್ಲಿ ಸಾಗುತ್ತಿತ್ತು. ಈಗ ಒಳಗೆ ಕಟ್ಟೆಗಳಿದ್ದರೂ, ಸರದಿ ಬರುವವರೆಗೆ ಹೊರಗೆ ಕಾಯುವುದು ತಪ್ಪಿಲ್ಲ.

ನಮ್ಮಲ್ಲಿ ಯಾರಾದರೂ ಆ ತೀರಕ್ಕೆ ಹೋಗಿ, ರಾತ್ರಿ ಕಡಲಿನ ಮೇಲೆ ಅಲುಗದ ಎರಡು ಬಿಳಿಯ ದೀಪಗಳನ್ನು, ಮುಂದಿನದು ಎತ್ತರದಲ್ಲಿ, ಹಿಂದಿನದು ತಗ್ಗಿನಲ್ಲಿ ಇರುವಂತೆ ಕಂಡರೆ, ಅದು ಲಂಗರಿನ ಮೇಲಿರುವ ದೊಡ್ಡ ಹಡಗಿನ ಗುರುತೆಂದು ತಿಳಿಯಬಹುದು. ಆ ದೀಪಗಳನ್ನು ಉರಿಸುವ ಯಂತ್ರದ ಯೋಗಕ್ಷೇಮವನ್ನು ವಿಚಾರಿಸುತ್ತ ಒಳಗೆ ಯಾರೋ ಎಚ್ಚರವಾಗಿದ್ದಾರೆ ಎಂಬುದನ್ನೂ ನೆನೆಯುವುದು ಯುಕ್ತ.