ಕಥಾಂತ್ಯದ ಋಣ



ಪರದೆಯ ಮೇಲೆ ವರ್ಷಗಟ್ಟಲೆ ನಡೆದುಬಂದ ಒಂದು ಅದ್ಭುತ ಕಥೆ ತನ್ನ ಅಂತಿಮ ಸಂಚಿಕೆಯನ್ನು ಮುಗಿಸಿದಾಗ, ಅದನ್ನು ನೋಡಿದ ಜನ ಏಕೆ ತೃಪ್ತರಾಗುತ್ತಾರೆ, ಏಕೆ ಕೆರಳುತ್ತಾರೆ, ಏಕೆ ಕೆಲವು ದಿನ ಊಟ ಸೇರದವರಂತೆ ಇದ್ದುಬಿಡುತ್ತಾರೆ ಎಂಬ ವಿಷಯವನ್ನು ನಾವು ಈ ವಿಚಾರಸಂಕಿರಣಕ್ಕೆ ಆರಿಸಿಕೊಂಡಿದ್ದೇವೆಂದು ತಿಳಿದಾಗ, ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಇದಕ್ಕೂ ಒಂದು ಸಂಕಿರಣ ಬೇಕೇ ಎಂದು ಕೇಳಿದರು. ಬೇಕು ಎಂದೇ ಉತ್ತರ ಕೊಟ್ಟೆ. ಕಥೆಯ ಕೊನೆಯನ್ನು ಕುರಿತು ಪ್ರೇಕ್ಷಕ ಎತ್ತುವ ಆಕ್ಷೇಪವು ವಿಮರ್ಶೆಯ ಮೊದಲ ರೂಪವೆಂದೂ, ಹೇಳುವವನು ಕೇಳುವವನಿಗೆ ಸಲ್ಲಿಸಬೇಕಾದ ಒಂದು ಋಣ ಬಾಕಿ ಉಳಿದಾಗ ಏಳುವ ದನಿಯೇ ಅದೆಂದೂ ನಾನು ನಂಬಿದ್ದೇನೆ. ಆ ನಂಬಿಕೆಗೆ ಆಧಾರವಾದುದನ್ನು ನಿಮ್ಮ ಮುಂದೆ ನಿವೇದಿಸುತ್ತೇನೆ.

ಬೆಂಗಳೂರಿನ ಈ ಸಭಾಂಗಣದಿಂದ ಸಾರಕ್ಕಿ ಮಾರುಕಟ್ಟೆಯ ಕಡೆಗೆ ಸ್ವಲ್ಪ ದೂರ ನಡೆದರೆ, ಈಗ ನಾಲ್ಕು ಅಂತಸ್ತಿನ ಕಟ್ಟಡ ನಿಂತಿರುವ ಜಾಗದಲ್ಲಿ ಹಿಂದೆ ನಾವು ಬಾಡಿಗೆಗಿದ್ದ ವಠಾರವಿತ್ತು. ಅಲ್ಲಿದ್ದ ಒಂಬತ್ತು ಸಂಸಾರಗಳಿಗೆ ಒಂದೇ ಟೀವಿ, ಅದೂ ಮಾಲೀಕರ ನಡುಮನೆಯಲ್ಲಿ. 1987ರ ಜನವರಿ 25ರ ಭಾನುವಾರ ರಮಾನಂದ ಸಾಗರರ 'ರಾಮಾಯಣ' ಮೊದಲಾದಂದಿನಿಂದ 1988ರ ಜುಲೈ 31ರಂದು ಅದು 78ನೆಯ ಸಂಚಿಕೆಗೆ ಮುಗಿಯುವವರೆಗೆ, ಭಾನುವಾರದ ಬೆಳಗೆಂದರೆ ಬಾಗಿಲಾಚೆ ಸಾಲುಗಟ್ಟಿದ ಚಪ್ಪಲಿಗಳು, ಮಹಡಿಯ ಮೇಲೆ ಆಂಟೆನಾ ತಿರುಗಿಸಲು ನಿಂತ ಹುಡುಗ, ಸ್ನಾನ ಮುಗಿಸಿ ಒದ್ದೆ ಕೂದಲಿಗೆ ಗಂಟು ಹಾಕಿಕೊಂಡು ಬಂದು ಕುಳಿತ ಹೆಂಗಸರು. ಟೀವಿಯ ಮರದ ಚೌಕಟ್ಟಿಗೆ ಅರಿಶಿನ ಕುಂಕುಮ ಹಚ್ಚಿರುತ್ತಿದ್ದರು. ಅಲ್ಲಿ ಕೂತವರಲ್ಲಿ ಹಿಂದಿ ಬಲ್ಲವರು ಇಬ್ಬರೋ ಮೂವರೋ. ಆದರೂ ಒಂದು ಮಾತೂ ಯಾರಿಗೂ ತಪ್ಪಿಹೋಗಲಿಲ್ಲ, ಏಕೆಂದರೆ ಕಥೆ ಅವರೊಳಗೆ ಮೊದಲೇ ಇತ್ತು.

ಪಟ್ಟಾಭಿಷೇಕದ ದಿನ ಮಾಲೀಕರ ಮನೆಯಲ್ಲಿ ತೆಂಗಿನಕಾಯಿ ಒಡೆದು, ಶ್ರೀರಾಮನವಮಿಯಲ್ಲಿ ಮಾಡುವಂತೆಯೇ ಕೋಸಂಬರಿ ಪಾನಕ ಹಂಚಿದರು. ಎಲ್ಲರೂ ಏಳುತ್ತಿದ್ದಾಗ, ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ಒಬ್ಬ ಅಜ್ಜಿ ಪಾನಕದ ಲೋಟವನ್ನು ಕೆಳಗಿಟ್ಟು, "ಹಾಗಾದರೆ ಸೀತಮ್ಮನ ಕಥೆ ಇಷ್ಟೇನಾ?" ಎಂದರು. ಚಿಕ್ಕಂದಿನಲ್ಲಿ ಲಕ್ಷ್ಮೀಶನ 'ಜೈಮಿನಿ ಭಾರತ'ದ ಸೀತಾಪರಿತ್ಯಾಗದ ಭಾಗವನ್ನು ಗಮಕಿಗಳ ಬಾಯಲ್ಲಿ ಕೇಳಿ ಅತ್ತಿದ್ದ ಆಕೆಗೆ, ಕಿರೀಟ ಏರಿದ ಕ್ಷಣವು ಕಥೆಯ ಕೊನೆಯಾಗಿ ಕಾಣುವಂತಿರಲಿಲ್ಲ. ಯಾರೂ ಉತ್ತರ ಹೇಳಲಿಲ್ಲ. ನಾನು ಆಗ ಇನ್ನೂ ವಿದ್ಯಾರ್ಥಿ. ಆ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟು ಹೋಗಲಿಲ್ಲ.

ಅದೇ ಪ್ರಶ್ನೆ, ನಮ್ಮ ವಠಾರದಿಂದ ಎಷ್ಟೋ ದೂರದ ಪಂಜಾಬಿನ ಜಲಂಧರದಲ್ಲಿ, ಬೇರೆಯೇ ಬಲದಿಂದ ಎದ್ದಿತು. ಆಗಸ್ಟ್ ತಿಂಗಳಲ್ಲಿ ಅಲ್ಲಿಯ ಪೌರಕಾರ್ಮಿಕರು ಧಾರಾವಾಹಿ ಮುಂದುವರಿಯಬೇಕೆಂದು ಕೆಲಸ ನಿಲ್ಲಿಸಿದರು. ಮುಷ್ಕರ ಉತ್ತರ ಭಾರತದ ಬೇರೆ ನಗರಗಳಿಗೂ ಹಬ್ಬಿತು. ಕಡೆಗೆ ಸರ್ಕಾರ ಒಪ್ಪಿ, ಲವಕುಶರ ಕಥೆ ಪ್ರತ್ಯೇಕ ಧಾರಾವಾಹಿಯಾಗಿ ಬಂದಿತು. ಪೌಲಾ ರಿಚ್‌ಮನ್ ಅವರು 1991ರಲ್ಲಿ ಸಂಪಾದಿಸಿದ ರಾಮಾಯಣ ಪರಂಪರೆಗಳ ಗ್ರಂಥ ಆರಂಭವಾಗುವುದೇ ಈ ಪ್ರಸಂಗದಿಂದ. ಆ ಕಾರ್ಮಿಕರಲ್ಲಿ ಅನೇಕರು ವಾಲ್ಮೀಕಿಯನ್ನು ತಮ್ಮ ಕುಲಗುರುವೆಂದು ಪೂಜಿಸುವವರು. ಕಥೆ ಪಟ್ಟಾಭಿಷೇಕಕ್ಕೆ ನಿಂತರೆ, ಕಾಡುಪಾಲಾದ ತುಂಬು ಬಸುರಿಗೆ ಆಶ್ರಯ ಕೊಟ್ಟು ಅವಳ ಮಕ್ಕಳನ್ನು ಬೆಳೆಸಿದ ಆ ಋಷಿಯ ಮುಖ್ಯ ಪಾತ್ರವಿರುವ ಭಾಗವೇ ಇಲ್ಲವಾಗುತ್ತದೆ. ಸಂಚಿಕೆಗಳು ಇನ್ನಷ್ಟು ಬೇಕೆಂಬ ಹಂಬಲ ಅದಾಗಿರಲಿಲ್ಲ. ತಮ್ಮವನೊಬ್ಬನಿಗೆ ಸಲ್ಲಬೇಕಾದ ಸ್ಥಾನ ಸಲ್ಲಲಿಲ್ಲವೆಂಬ ನೋವು ಅದಾಗಿತ್ತು. ಪ್ರೇಕ್ಷಕನ ಅತೃಪ್ತಿಯನ್ನು ಅಳೆಯಹೊರಟವರು ಅವನು ಯಾರು, ಕಥೆಯಲ್ಲಿ ಅವನ ಪಾಲು ಯಾವುದು ಎಂಬುದನ್ನು ಮೊದಲು ಕೇಳಿಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ನಿದರ್ಶನ ನನಗೆ ತಿಳಿದಿಲ್ಲ.

ಅತೃಪ್ತ ಕೇಳುಗ ಕಥೆಯನ್ನು ಮುಂದುವರಿಸುವಂತೆ ಮಾಡುವುದು ಕನ್ನಡಿಗರಾದ ನಮಗೆ ಹೊಸ ಸಂಗತಿಯೂ ಅಲ್ಲ. ಕುಮಾರವ್ಯಾಸನು ತನ್ನ ಭಾರತವನ್ನು ಗದಾಪರ್ವದೊಂದಿಗೆ, ಹತ್ತು ಪರ್ವಗಳಿಗೆ, ನಿಲ್ಲಿಸಿದನಷ್ಟೆ. ಉಳಿದ ಪರ್ವಗಳು ಕನ್ನಡದಲ್ಲಿ ಬೇಕೆಂದು ಬಯಸಿದ ಕೃಷ್ಣದೇವರಾಯನ ಪ್ರೇರಣೆಯಿಂದ ತಿಮ್ಮಣ್ಣ ಕವಿ ಅದನ್ನು ಪೂರೈಸಿದನು. ಸಿಂಹಾಸನದ ಮೇಲೆ ಕುಳಿತ ಅತೃಪ್ತ ಶ್ರೋತೃವೊಬ್ಬ ಮುಂದಿನ ಭಾಗವನ್ನು ಬರೆಯಿಸಿದ ಪ್ರಸಂಗವಿದು. ಆದರೂ ಇಂದಿಗೂ ಊರೂರಿನಲ್ಲಿ ವಾಚನ ನಡೆಯುವುದು ಗದುಗಿನ ಕುಮಾರವ್ಯಾಸನ ಭಾರತದ್ದೇ. ತಿಮ್ಮಣ್ಣನನ್ನು ಬಲ್ಲವರು ವಿದ್ವಾಂಸರು ಮಾತ್ರ. ಬೇಡಿಕೆಯ ಮೇರೆಗೆ ಜೋಡಿಸಿದ ಮುಕ್ತಾಯಕ್ಕೆ ಮೂಲದ ಉಸಿರು ಬರುವುದು ಅಪರೂಪವೆಂದು ನನಗೆ ತೋರುತ್ತದೆ, ಲವಕುಶರ ಧಾರಾವಾಹಿಯನ್ನು ನೆನೆದಾಗಲೂ.

ಇದಕ್ಕೂ ಹಿಂದೆ, 941ರಲ್ಲಿ, ಪಂಪನು ವಿಕ್ರಮಾರ್ಜುನನಿಗೂ ಸುಭದ್ರೆಗೂ ಪಟ್ಟ ಕಟ್ಟಿ ಭಾರತದ ಕೊನೆಯನ್ನೇ ತಿರುಗಿಸಿದನು. ರನ್ನನು ಆ ಪಟ್ಟವನ್ನು ಭೀಮನಿಗೆ ಒಪ್ಪಿಸಿದನು. ಅರಸರ ಋಣ ತೀರಿಸಲು ಮಾಡಿದ ಮಾರ್ಪಾಟೆಂದು ನಾವು ತರಗತಿಗಳಲ್ಲಿ ಪಾಠ ಹೇಳುತ್ತೇವೆ. ಅದು ನಿಜವೇ. ಆದರೆ ಕುವೆಂಪು ಅವರಿಗೆ ಯಾವ ಅರಸನ ಹಂಗೂ ಇರಲಿಲ್ಲ. 1949ರಲ್ಲಿ ಹೊರಬಂದ 'ಶ್ರೀರಾಮಾಯಣ ದರ್ಶನಂ' ಮಹಾಕಾವ್ಯದಲ್ಲಿ ಸೀತೆ ಅಗ್ನಿಯನ್ನು ಹೊಕ್ಕಾಗ ರಾಮನೂ ಹೊಗುತ್ತಾನೆ. ಸಾವಿರಾರು ವರ್ಷ ಈ ನೆಲದ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳಲಾರದೆ ನುಂಗಿಕೊಂಡಿದ್ದ ಒಂದು ಆಕ್ಷೇಪಕ್ಕೆ ಕವಿಯೊಬ್ಬ ಕೊಟ್ಟ ಉತ್ತರವೆಂದೇ ನಾನು ಆ ಸಂದರ್ಭವನ್ನು ಪ್ರತಿ ಸಲವೂ ಓದುತ್ತೇನೆ. ಅಲ್ಲಿ ಕವಿ ಮೊದಲು ಅತೃಪ್ತನಾದ ಸಹೃದಯ, ಆಮೇಲೆ ಕವಿ.

ಈಗ ನಮ್ಮ ಕಾಲದ ಅತಿ ದೊಡ್ಡ ನಿದರ್ಶನಕ್ಕೆ ಬರುತ್ತೇನೆ. 2019ರ ಮೇ 20, ಸೋಮವಾರ. ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ನಾಲ್ವರು ಹುಡುಗರು, ಸಾಫ್ಟ್‌ವೇರ್ ಕೆಲಸದವರು, ಅಮೆರಿಕದಲ್ಲಿ ಪ್ರಸಾರವಾಗುವ ಹೊತ್ತಿಗೇ ಇಲ್ಲಿ ಬೆಳಗಿನ ಆರೂವರೆಗೆ ಲಭ್ಯವಾಗುತ್ತಿದ್ದ 'ಗೇಮ್ ಆಫ್ ಥ್ರೋನ್ಸ್' ಸರಣಿಯ ಅಂತಿಮ ಸಂಚಿಕೆಯನ್ನು ನೋಡಲು ಅಲಾರಾಂ ಇಟ್ಟು ಎದ್ದಿದ್ದರು. 2011ರಲ್ಲಿ ಆರಂಭವಾಗಿ 73 ಸಂಚಿಕೆಗಳುದ್ದಕ್ಕೂ ನಡೆದ ಕಥೆ ಅದು. ಎಂಟು ಗಂಟೆಯ ಹೊತ್ತಿಗೆ ನನ್ನ ತಾಯಿ ಒಗ್ಗರಣೆ ಅವಲಕ್ಕಿಯ ಪಾತ್ರೆ ಹಿಡಿದು ಮೇಲೆ ಹೋದರೆ, ನಾಲ್ವರೂ ಮಾತಿಲ್ಲದೆ ಕುಳಿತಿದ್ದಾರೆ, ಲ್ಯಾಪ್‌ಟಾಪ್ ಮುಚ್ಚಿದೆ, ಒಬ್ಬನ ಕಣ್ಣು ಕೆಂಪಾಗಿದೆ. ಊರಿಂದ ಏನಾದರೂ ಕೆಟ್ಟ ಸುದ್ದಿ ಬಂತೇ ಎಂದು ಆಕೆಗೆ ಗಾಬರಿ. ಸಂಗತಿ ತಿಳಿದ ಮೇಲೆ ಅಲ್ಲಿಯೇ ಕುಳಿತು, ಕಥೆ ಹೇಳಿ ಎಂದರು. ಸದ್ದು ಕೇಳಿ ಮೇಲೆ ಹೋದ ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

ಹುಡುಗರು ಒಬ್ಬರ ಮಾತನ್ನೊಬ್ಬರು ತುಂಡರಿಸುತ್ತ ಹೇಳಿದರು: ರಾಜ್ಯಭ್ರಷ್ಟಳಾದ ರಾಜಪುತ್ರಿ ಡೆನೇರಿಸ್, ದಾಸರನ್ನು ಬಿಡಿಸಿದವಳು, ಮೂರು ಡ್ರ್ಯಾಗನ್‌ಗಳ ತಾಯಿ, ಕಡೆಗೆ ತನ್ನ ಪೂರ್ವಜರ ರಾಜಧಾನಿಯನ್ನು ಮುತ್ತುತ್ತಾಳೆ, ಊರಿನವರು ಶರಣಾದೆವೆಂದು ಗಂಟೆ ಬಾರಿಸುತ್ತಾರೆ, ಗಂಟೆ ಕೇಳಿಸಿದ ಮೇಲೂ ಅವಳು ಇಡೀ ಊರನ್ನು ಸುಟ್ಟುಬಿಡುತ್ತಾಳೆ.

"ಯಾಕೆ ಸುಟ್ಟಳು?" ಎಂದರು ಅಮ್ಮ.

"ಅವಳ ಗೆಳತೀನ ಕೊಂದಿದ್ರು ಅಜ್ಜಿ, ಒಂದು ಡ್ರ್ಯಾಗನ್ನೂ ಹೊಡೆದುಹಾಕಿದ್ರು."

"ಅದನ್ನ ಮಾಡಿದೋರು ಅರಮನೇಲಿದ್ದೋರು ತಾನೇ? ಹನುಮಂತನೂ ಲಂಕೆ ಸುಟ್ಟ. ಬಾಲಕ್ಕೆ ಬೆಂಕಿ ಹಚ್ಚಿದ್ರು, ಸುಟ್ಟ. ಗಂಟೆ ಹೊಡೆದು ಕೈ ಮುಗಿದೋರ ಮೇಲೆ ಇವಳಿಗೇನಪ್ಪ ಸಿಟ್ಟು?"

ಹುಡುಗರಲ್ಲಿ ಒಬ್ಬ, ಧಾರವಾಡದ ಕಡೆಯವನು, ವಾದಿಸಿದ: ಅವಳ ಕ್ರೌರ್ಯ ಹೊಸದಲ್ಲ, ಹಿಂದೆ ದಾಸರ ಒಡೆಯರನ್ನು ಶಿಲುಬೆಗೇರಿಸಿದ್ದಳು, ಸೆರೆಸಿಕ್ಕವರನ್ನು ಸುಡಿಸಿದ್ದಳು, ಬೀಜ ಮೊದಲೇ ಇತ್ತು. ಉಳಿದ ಮೂವರು ಒಪ್ಪಲಿಲ್ಲ. ಬೀಜವಿತ್ತು, ಬೆಳೆಸಲಿಲ್ಲ ಎಂದರು. ಅವಲಕ್ಕಿ ಆರಿಹೋಯಿತು, ಅವರು ಆಫೀಸಿಗೆ ಹೊರಟಾಗ ಹತ್ತು ಗಂಟೆ ದಾಟಿತ್ತು.

ನನ್ನ ತಾಯಿ ಹನುಮಂತನನ್ನು ತಂದದ್ದು ಎಷ್ಟು ಸರಿಯಾಗಿತ್ತೆಂಬುದು ನನಗೆ ಹೊಳೆದದ್ದು ಅಂದು ಸಂಜೆ ಸುಂದರಕಾಂಡವನ್ನು ತೆರೆದಾಗ. ಲಂಕೆ ಹೊತ್ತಿ ಉರಿದ ಬಳಿಕ ವಾಲ್ಮೀಕಿಯ ಹನುಮಂತ ಹಿಗ್ಗುವುದಿಲ್ಲ. ಅಯ್ಯೋ, ಈ ಬೆಂಕಿಯಲ್ಲಿ ಸೀತೆಯೂ ಬೆಂದುಹೋಗಿರಬಹುದೇ, ಕೋಪದಲ್ಲಿ ನಾನೆಂಥ ಕೆಲಸ ಮಾಡಿದೆ ಎಂದು ತನ್ನನ್ನೇ ಹಳಿದುಕೊಳ್ಳುತ್ತಾನೆ. ಊರು ಸುಡುವ ಮೊದಲು ಕಾರಣ, ಸುಟ್ಟ ಮೇಲೆ ಪಶ್ಚಾತ್ತಾಪದ ನಡುಕ: ಎರಡನ್ನೂ ಕವಿ ಕೊಟ್ಟಿದ್ದಾನೆ. ಆದಕಾರಣವೇ ಲಂಕಾದಹನವನ್ನು ಕುರಿತು ಯಾವ ಅಜ್ಜಿಯೂ ತಕರಾರು ತೆಗೆದಿಲ್ಲ.

ನಮ್ಮ ಲಾಕ್ಷಣಿಕರು ನಾಟಕಕ್ಕೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳನ್ನು ಹೇಳುವಾಗ, ಮೊದಲ ನಾಲ್ಕರಲ್ಲಿ ಚೆಲ್ಲಿಕೊಂಡಿದ್ದ ಬೀಜಸಂಬಂಧವಾದ ಅರ್ಥಗಳೆಲ್ಲ ಒಂದೇ ಪ್ರಯೋಜನದ ಕಡೆಗೆ ಕೂಡಿಬರುವುದೇ ನಿರ್ವಹಣವೆಂದರು. ಅಷ್ಟೇ ಅಲ್ಲ, ಅಲ್ಲಿ ಅದ್ಭುತ ರಸವಿರಬೇಕೆಂದು ಭರತಮುನಿ ವಿಧಿಸಿದ್ದಾನೆ. ಕೊನೆಯಲ್ಲಿ ಅಚ್ಚರಿ ಬೇಕು. ಆದರೆ ಅದು ಬಿತ್ತಿದ ಬೀಜದಿಂದಲೇ ಬಂದ ಅಚ್ಚರಿಯಾಗಿರಬೇಕು. ಅಮೆರಿಕದ ಆ ಸರಣಿಯ ಮೊದಲ ಆರು ಭಾಗಗಳಿಗೆ ಹತ್ತು ಹತ್ತು ಸಂಚಿಕೆಗಳಿದ್ದು, ಏಳನೆಯದಕ್ಕೆ ಏಳು, ಎಂಟನೆಯದಕ್ಕೆ ಆರು ಮಾತ್ರ ಉಳಿದವೆಂಬುದನ್ನು ನೆನೆದರೆ, ಪೈರು ಬೆಳೆಯಬೇಕಾದ ಗದ್ದೆ ಎಲ್ಲಿ ಕಿರಿದಾಯಿತೆಂಬುದು ತಿಳಿಯುತ್ತದೆ. ಮೂಲ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಐದನೆಯ ಸಂಪುಟ 2011ರಲ್ಲಿ ಬಂದಿತ್ತು. ಆ ಸಂಪುಟದ ಕಥೆ ಮುಗಿದ ಮೇಲೆ ಚಿತ್ರಕಥೆಯವರಿಗೆ ಅವರು ತಿಳಿಸಿದ ಸ್ಥೂಲರೂಪವಲ್ಲದೆ ಬರೆದ ಪುಸ್ತಕದ ಊರುಗೋಲಿರಲಿಲ್ಲ.

ಆ ಕೊನೆಯ ಭಾಗವನ್ನೇ ಬೇರೆ ಬರಹಗಾರರಿಂದ ಮತ್ತೆ ಮಾಡಿಸಬೇಕೆಂಬ ಮನವಿಗೆ ಹದಿನೈದು ಲಕ್ಷಕ್ಕೂ ಮೀರಿದ ಜನ ಸಹಿ ಹಾಕಿದರು. ಆ ಬೇಡಿಕೆ ನನಗೆ ಒಪ್ಪಿಗೆಯಿಲ್ಲ: ಮಾಡಿದ ಕೃತಿ ಮಾಡಿದವರದು, ನೂರಾರು ಕಲಾವಿದರೂ ಕೆಲಸಗಾರರೂ ಚಳಿಯಲ್ಲಿ ರಾತ್ರಿಗಳನ್ನು ಕಳೆದು ಕಟ್ಟಿದ್ದನ್ನು ಅಳಿಸಿ ಬರೆಯಿರೆನ್ನುವ ಅಧಿಕಾರ ನೋಡುವವನಿಗಿಲ್ಲ. ಆದರೆ ಆ ಸಹಿಗಳ ಹಿಂದೆ ಎರಡು ಭಾವಗಳು ಕಲಸಿಕೊಂಡಿವೆ. ದುಃಖವಾಯಿತೆಂಬುದು ಒಂದು, ಮೋಸವಾಯಿತೆಂಬುದು ಇನ್ನೊಂದು. ಗೋವಿನ ಹಾಡಿನ ಹುಲಿ ಪ್ರಾಣ ಬಿಡುವಾಗ ನಮ್ಮ ಮಕ್ಕಳು ತಲೆತಲಾಂತರದಿಂದ ಅತ್ತಿದ್ದಾರೆ. ಮೋಸವಾಯಿತೆಂದು ದೂರಿದ ಮಗುವನ್ನು ಮೂವತ್ತು ವರ್ಷದ ಮೇಷ್ಟರ ಕೆಲಸದಲ್ಲಿ ನಾನು ಕಂಡಿಲ್ಲ. ಪ್ರಬಂಧಗಳನ್ನು ಮಂಡಿಸುವ ಮಿತ್ರರು ಈ ಎರಡನ್ನು ಬೇರ್ಪಡಿಸಿ ನೋಡಬೇಕೆಂಬುದು ನನ್ನ ಮೊದಲ ಬಿನ್ನಹ.

ಎರಡನೆಯದು ನಮ್ಮ ಮನೆಯ ವಿಷಯ. ಕನ್ನಡದ ದಿನವಹಿ ಧಾರಾವಾಹಿಗೆ ಸೀಸನ್‌ಗಳೆಂಬ ಭಾಗಗಳಿಲ್ಲ, ಮಂಗಳವೂ ನಿಶ್ಚಿತವಲ್ಲ. ಪ್ರತಿ ಗುರುವಾರ ಹೊರಬೀಳುವ ಟಿಆರ್‌ಪಿ ಕೈಹಿಡಿದರೆ ಕಥೆ ಎಳೆಯುತ್ತದೆ. ಕೈಬಿಟ್ಟರೆ ಎರಡು ವಾರದಲ್ಲಿ ಮದುವೆ, ಸೇಡು, ಕ್ಷಮೆ ಎಲ್ಲವೂ ಮುಗಿದು ಶುಭಂ ಬೀಳುತ್ತದೆ. ಜೀ ಕನ್ನಡದಲ್ಲಿ 2016ರಲ್ಲಿ ಮೊದಲಾದ 'ನಾಗಿಣಿ'ಯಂತಹ ಅದ್ಭುತ ಕಥೆ ಬಹುಕಾಲ ನಡೆದು, ಎರಡನೆಯ ಕಥೆಗೂ ದಾರಿ ಮಾಡಿತು. 2020ರ ಲಾಕ್‌ಡೌನಿನಲ್ಲಿ ಸ್ಟಾರ್ ಸುವರ್ಣದ ಮೂಲಕ 'ಮಹಾಭಾರತ' ಕನ್ನಡದ ಮಾತಿನಲ್ಲೇ ಮನೆಗೆ ಬಂದಾಗ, ನಮ್ಮ ವಠಾರದ ಅಜ್ಜಿ ಇದ್ದಿದ್ದರೆ ಎಂದು ನಾನು ಹಂಬಲಿಸಿದೆ. ಇವನ್ನೆಲ್ಲ ನೋಡುವವರು ಮನವಿಗೆ ಸಹಿ ಹಾಕುವವರಲ್ಲ. "ಸುತ್ತಿ ಮುಗಿಸಿಬಿಟ್ರು" ಎಂದು ನಲ್ಲಿಯ ಬಳಿ, ಬಸ್ಸಿನಲ್ಲಿ, ಬನಶಂಕರಿ ಗುಡಿಯ ಸಾಲಿನಲ್ಲಿ ಆಡುತ್ತಾರೆ. ಆ ಮಾತು ಗಾಳಿಗೆ ಹೋಗುತ್ತದೆ. ಅದನ್ನು ಕೇಳಿಸಿಕೊಂಡು ಬರೆದಿಡಬೇಕೆಂಬುದು ನನ್ನ ಎರಡನೆಯ ಬಿನ್ನಹ.

ಕಳೆದ ವಾರ ಸಾರಕ್ಕಿ ಮಾರುಕಟ್ಟೆಯಲ್ಲಿ ಹೂ ಕೊಳ್ಳಲು ನಿಂತಿದ್ದೆ. ಹೂವಮ್ಮ ಕನಕಾಂಬರದ ಎರಡೆರಡು ಹೂಗಳನ್ನು ಎದುರುಬದುರು ಇಟ್ಟು, ಬಾಳೆನಾರನ್ನು ಬೆರಳಿಗೆ ಸುತ್ತಿ ಕಟ್ಟುತ್ತ, ಪಕ್ಕದ ಸೊಪ್ಪಿನ ಹೆಂಗಸಿಗೆ ಅರ್ಧಕ್ಕೆ ನಿಂತುಹೋದ ಒಂದು ಧಾರಾವಾಹಿಯ ಮುಂದಿನ ಕಥೆ ಹೇಳುತ್ತಿದ್ದಳು. ಶಾಪಗ್ರಸ್ತಳಾದ ತಾಯಿ, ಅವಳಿಂದ ಅಗಲಿದ ಹೆಣ್ಣುಮಗು. ನಿಂತುಹೋದ ಕಥೆಗೆ ಮುಂದು ಎಲ್ಲಿ ಸಿಕ್ಕಿತೆಂದು ಕೇಳಿದೆ. ಕೈ ನಿಲ್ಲಿಸದೆ, "ಅವ್ರು ನಿಲ್ಸಿದ್ರು ಅಂತ ಆ ಮಗೂನ ನಡುನೀರಲ್ಲಿ ಬಿಡಕ್ಕಾಯ್ತದಾ ಸಾಮಿ? ನಾನೇ ಸೇರಿಸ್ದೆ ತಾಯಿ ಹತ್ರ" ಎಂದಳು. ಹೇಗೆ ಸೇರಿಸಿದೆಯೆಂದು ಕೇಳಿದೆ. ಮೊಳ ಹಾಕಿ ಹೂ ಅಳೆದುಕೊಟ್ಟು, ಮತ್ತೊಂದು ಹಿಡಿ ಹೂವನ್ನು ಮುಂದೆ ಸುರಿದುಕೊಂಡು, ಅವಳು ಮೊದಲಿನಿಂದ ಶುರುಮಾಡಿದಳು. ಮುಕ್ಕಾಲು ಗಂಟೆ ಹಿಡಿಯಿತು. ಅದನ್ನು ನಾನು ಬರೆದುಕೊಂಡಿದ್ದೇನೆ. ನಾಳೆ ಮಧ್ಯಾಹ್ನದ ಗೋಷ್ಠಿಯಲ್ಲಿ, ಅವಳ ಅನುಮತಿ ಪಡೆದು, ಅವಳ ಮಾತಿನಲ್ಲೇ ಓದುತ್ತೇನೆ.