ನಾಯಕನ ನುಡಿಯೂ ಸಮೂಹದ ಬಲವೂ

 

ಒಂದು ಮಠವು ಒಬ್ಬರಿಂದ ನಡೆಯುವುದಲ್ಲವೆಂಬುದು ಸರ್ವರಿಗೂ ವಿದಿತವಾದ ಸಂಗತಿ. ಪೀಠವನ್ನಲಂಕರಿಸಿದವರು ಒಬ್ಬರೇ ಆದರೂ ದಾಸೋಹದ ಒಲೆಯ ಮುಂದೆ ನಿಂತವರು, ಉಗ್ರಾಣದ ಬೀಗ ಹಿಡಿದವರು, ಪಾಠ ಹೇಳುವವರು, ಲೆಕ್ಕ ಬರೆಯುವವರು, ತೇರಿನ ಮಿಣಿಗೆ ಕೈಯಿಕ್ಕುವವರು ಅನೇಕರು. ಇಷ್ಟು ಕೈಗಳು ಒಂದೇ ಕಾರ್ಯಕ್ಕೆ ಕೂಡಬೇಕಾದರೆ ಅವರ ನಡುವೆ ಮಾತು ಸರಾಗವಾಗಿ ಹರಿಯಬೇಕು. ಮಾತು ಎಂದೊಡನೆ ಮೇಲಿನಿಂದ ಕೆಳಕ್ಕಿಳಿಯುವ ಅಪ್ಪಣೆಯೊಂದೇ ನೆನಪಿಗೆ ಬರುವುದು ಲೋಕರೂಢಿ. ಆದರೆ ಸಮೂಹವನ್ನು ಕಟ್ಟುವುದು ನಾಯಕನ ನಾಲಗೆಗಿಂತಲೂ ಹೆಚ್ಚಾಗಿ ಅವನ ಕಿವಿ. ಇದನ್ನು ವಿಚಾರಿಸುವುದೇ ಈ ಉಪನ್ಯಾಸದ ಉದ್ದೇಶ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಲ್ಲಮಪ್ರಭುಗಳು ಶೂನ್ಯಸಿಂಹಾಸನವನ್ನೇರಿದ್ದ ಅನುಭವಮಂಟಪದ ವಿಚಾರವನ್ನು ಶರಣಪರಂಪರೆಯು ಹೇಳಿಕೊಂಡು ಬಂದಿದೆ. ಅಲ್ಲಿ ಅಂಬಿಗರ ಚೌಡಯ್ಯನವರಿಗೂ ಮಡಿವಾಳ ಮಾಚಯ್ಯನವರಿಗೂ ನುಡಿಯುವ ಅಧಿಕಾರವಿದ್ದಿತು. ಪತಿಯಾದ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಹಿಂದಕ್ಕೆ ಹಾಕಿ ಬನ್ನಿರೆಂದು ಲಕ್ಕಮ್ಮನವರು ತಿದ್ದಿದರು. ತಿದ್ದುವ ಧೈರ್ಯವು ಲಕ್ಕಮ್ಮನವರದು. ತಿದ್ದಿಕೊಳ್ಳುವ ವಿನಯವು ಮಾರಯ್ಯನವರದು. ಇವೆರಡೂ ಕೂಡಿದಲ್ಲಿಯೇ ಕೂಟಕ್ಕೆ ಬಲ.

ಈ ತತ್ತ್ವವು ಪುರಾತನರ ಕಾಲಕ್ಕೇ ಮುಗಿಯಿತೆಂದು ಯಾರೂ ಭಾವಿಸಬಾರದು. ಘಟ್ಟದ ಕೆಳಗೆ, ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಒಂದಕ್ಕೊಂದು ನೆರೆಯಾಗಿರುವ ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ಎಂಬ ಮೂರು ಸೀಮೆಗಳಲ್ಲಿ ಇದಕ್ಕೆ ಮೂರು ನಿದರ್ಶನಗಳು ದೊರೆಯುತ್ತವೆ.

ಮೊದಲನೆಯದು ಮೂಡುಬಿದಿರೆಯ ಕಡೆಯದು. ಆ ಊರಿನ ಬಳಿಯ ಮಾರೂರಿನಲ್ಲಿ ಬಲಿಪ ನಾರಾಯಣ ಭಾಗವತರೆಂಬ ಯಕ್ಷಗಾನ ಭಾಗವತರು ನೆಲೆಸಿದ್ದರು. ಕಟೀಲು ಮೇಳದಲ್ಲಿ ದೀರ್ಘಕಾಲ ಹಾಡಿ, 2023ರಲ್ಲಿ ಅವರು ಕಾಲವಶರಾದರು. ಯಕ್ಷಗಾನದಲ್ಲಿ ಭಾಗವತನಿಗೆ ಕಿರೀಟವಿಲ್ಲ, ಬಣ್ಣವಿಲ್ಲ. ಆದರೂ ಅವನನ್ನು ಮೊದಲನೆಯ ವೇಷಧಾರಿಯೆಂದು ಕರೆಯುವರು. ಪದ್ಯಗಳು ಪ್ರಸಂಗದಲ್ಲಿ ಬರೆದಿರುತ್ತವೆ. ವೇಷಧಾರಿಯು ಹೇಳುವ ಅರ್ಥವಾದರೋ ಆ ಕ್ಷಣದಲ್ಲಿ ಹುಟ್ಟಬೇಕಾದುದು. ಚೆಂಡೆ ಮದ್ದಳೆಯವರು ಭಾಗವತನ ದನಿಯನ್ನು ನೆಚ್ಚಿರುವರು, ಕುಣಿಯುವವನು ಅವನ ತಾಳವನ್ನು ನೆಚ್ಚಿರುವನು. ಇಷ್ಟು ಜನರನ್ನು ನಡೆಸುವ ಭಾಗವತನು ರಂಗದ ಮಧ್ಯದಲ್ಲಿ ಅಪ್ಪಣೆ ಕೊಡುವಂತಿಲ್ಲ. ಅರ್ಥಧಾರಿಯ ಕೊನೆಯ ಮಾತಿನವರೆಗೂ ಕಿವಿಗೊಟ್ಟು, ಅದು ನಿಂತಲ್ಲಿಂದಲೇ ಮುಂದಿನ ಪದ್ಯವನ್ನು ಎತ್ತಬೇಕು. ಹೊಸಬನು ತಡವರಿಸಿದರೆ ಪದ್ಯವನ್ನೆತ್ತಿ ಅವನನ್ನು ಕಾಯಬೇಕು. ಬಲ್ಲವನು ಬೆಳೆಸುತ್ತಿದ್ದರೆ ತಾನು ತಡೆದು ನಿಲ್ಲಬೇಕು. ಇನ್ನೊಬ್ಬರ ಮಾತು ಮುಗಿದ ಸ್ಥಳದಲ್ಲಿ ತನ್ನ ಮಾತನ್ನು ಆರಂಭಿಸುವುದು ನಾಯಕನ ಪ್ರಥಮ ಲಕ್ಷಣವೆಂಬುದು ಇದರಿಂದ ಸಿದ್ಧವಾಗುತ್ತದೆ.

ಎರಡನೆಯದು ಬೆಳ್ತಂಗಡಿಯದು. 1968ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿಗಳಾದ ಶ್ರೀ ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಆ ತಾಲೂಕಿನಲ್ಲಿ ಗ್ರಾಮಾಭಿವೃದ್ಧಿ ಯೋಜನೆಯನ್ನು ಆರಂಭಿಸಿದರು. ಅದರ ಅಂಗವಾಗಿ ಬೆಳೆದುಬಂದವು ಪ್ರಗತಿಬಂಧು ತಂಡಗಳು. ನೆರೆಹೊರೆಯ ಐದರಿಂದ ಎಂಟು ಮಂದಿ ಸಣ್ಣ ರೈತರು ಸೇರಿ ಒಂದು ತಂಡವಾಗುವರು. ವಾರಕ್ಕೊಂದು ದಿನ ಎಲ್ಲರೂ ಒಬ್ಬನ ಹೊಲದಲ್ಲಿ ದುಡಿಯುವರು. ಮುಂದಿನ ಸರದಿ ಮತ್ತೊಬ್ಬನದು. ವಾರಕ್ಕೊಮ್ಮೆ ಕೂಡಿ ಉಳಿತಾಯದ ಹಣವನ್ನು ಒಟ್ಟುಮಾಡುವರು. ಇಲ್ಲಿ ತಂಡವು ಚಿಕ್ಕದಾಗಿರುವುದರಲ್ಲಿ ಒಂದು ಮರ್ಮವಿದೆ. ನೂರು ಜನರ ಸಭೆಯಲ್ಲಿ ಮಾತುಗಾರನೊಬ್ಬನೇ ಮಾತನಾಡುವನು. ಎಂಟು ಜನರ ನಡುವೆ ಮೂಕನಂತೆ ಕುಳಿತವನು ಎಲ್ಲರ ಕಣ್ಣಿಗೂ ಬೀಳುವನು. ಇಂದು ಆಡಿದ ಮಾತು ಮುಂದಿನ ವಾರ ಹೊಲದಲ್ಲಿ ಕೆಲಸವಾಗಿ ಕಾಣಬೇಕಾದುದರಿಂದ ಸುಳ್ಳು ಭರವಸೆಗೆ ಎಡೆಯು ಕಡಮೆ. ಆದರೆ ಎಂಥ ಕೂಟವೇ ಆಗಲಿ, ಸುಖದುಃಖಗಳ ವಿಚಾರವು ಬಿಟ್ಟುಹೋಗಿ ಕಂತಿನ ಲೆಕ್ಕವೊಂದೇ ಉಳಿದರೆ, ಹೆಸರು ಮಾತ್ರ ನಿಂತು ಬಾಂಧವ್ಯವು ಸಡಿಲುವುದೆಂಬುದನ್ನೂ ಮರೆಯಲಾಗದು.

ಮೂರನೆಯದು ಬಂಟ್ವಾಳದ್ದು, ಇದು ಎಲ್ಲಕ್ಕಿಂತ ಕಠಿನವಾದ ಪಾಠ. ಘಟ್ಟದಿಂದಿಳಿದು ಬೆಳ್ತಂಗಡಿ ಸೀಮೆಯನ್ನು ಹಾದು ಬರುವ ನೇತ್ರಾವತಿಯು ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬಂಟ್ವಾಳದ ಪೇಟೆಯ ಬದಿಯಲ್ಲಿ ಹರಿಯುತ್ತದೆ. 1923ರ ಮತ್ತು 1974ರ ಮಹಾಪೂರಗಳು ಆ ಪೇಟೆಗೆ ನುಗ್ಗಿದುದನ್ನು ಅಲ್ಲಿಯ ಜನರು ಇಂದಿಗೂ ಮರೆತಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಚಾರ್ಮಾಡಿಯ ಕಡೆಯ ಗ್ರಾಮಗಳು ನೆರೆಗೆ ತುತ್ತಾದಾಗ, ಕೆಳಗೆ ಬಂಟ್ವಾಳದಲ್ಲಿಯೂ ನದಿಯು ದಡವನ್ನು ಮೀರಿತು. ಅಂಥ ವೇಳೆಯಲ್ಲಿ ಮೇಲಿನ ಮಳೆಯ ಸುದ್ದಿಯು ಕೆಳಗಿನ ಊರಿಗೆ ನೀರಿಗಿಂತ ಮೊದಲು ತಲಪಬೇಕು. ತಲಪಿದರೆ ಮಕ್ಕಳೂ ವೃದ್ಧರೂ ದನಕರುಗಳೂ ಎತ್ತರದ ಸ್ಥಳವನ್ನು ಸೇರುವರು. ತಡವಾದರೆ ನಾಯಕನ ವಿದ್ವತ್ತಾಗಲಿ ಪದವಿಯಾಗಲಿ ಯಾರನ್ನೂ ಉಳಿಸಲಾರದು. ಒಳ್ಳೆಯ ಸುದ್ದಿಗೆ ಅವಸರವಿಲ್ಲ. ಕೆಟ್ಟ ಸುದ್ದಿಗೆ ಬಾಗಿಲು ಸದಾ ತೆರೆದಿರಬೇಕು. ಅದನ್ನು ತಂದವನ ಮೇಲೆ ಸಿಡುಕುವ ನಾಯಕನು ಮುಂದಿನ ಕೆಟ್ಟ ಸುದ್ದಿಗೆ ತಾನೇ ಅಗಳಿ ಹಾಕಿದಂತಾಗುವುದು.

ಈ ಮಾತನ್ನು ಮಠದ ಅಂಗಳಕ್ಕೆ ತಂದು ನೋಡಬಹುದು. ಜಾತ್ರೆಯ ದಿನ ಮಧ್ಯಾಹ್ನದ ಪಂಕ್ತಿಗೆ ಅಕ್ಕಿ ಸಾಲದೆಂಬುದು ಮೊದಲು ತಿಳಿಯುವುದು ಹಿರಿಯರಿಗಲ್ಲ, ಉಗ್ರಾಣದಿಂದ ಅಕ್ಕಿಯನ್ನು ಅಳೆದುಕೊಡುವ ಹುಡುಗನಿಗೆ. ಅವನು ಅಂಜದೆ ಬೆಳಿಗ್ಗೆಯೇ ಹೇಳಿದರೆ ಮತ್ತೊಂದು ಮೂಟೆಯು ಬರುವುದು. ಹಿಂದೆ ಒಮ್ಮೆ ಹೇಳಿ ಬೈಸಿಕೊಂಡಿದ್ದರೆ ಅವನು ಸುಮ್ಮನಿರುವನು. ಹಸಿದ ಜಂಗಮರೂ ಭಕ್ತರೂ ಬರಿಯ ಎಲೆಯ ಮುಂದೆ ಕುಳಿತಿರುವರು. ಆ ದೋಷವು ಹುಡುಗನದಲ್ಲ, ಅವನ ಬಾಯಿಯನ್ನು ಕಟ್ಟಿದವರದು.

ಹೀಗೆ ಕೇಳುವುದು ಸುಲಭಸಾಧ್ಯವೆಂದು ಹೇಳುವಂತಿಲ್ಲ. ಬಹುಕಾಲ ಅಪ್ಪಣೆ ಕೊಟ್ಟು ಬಂದ ಹಿರಿಯರಿಗೆ ಕಿರಿಯನ ತಿದ್ದುಪಡಿಯು ಮುಳ್ಳಿನಂತೆ ಚುಚ್ಚುವುದು. ಅಹಂಕಾರವನ್ನು ಬಿಡಬೇಕೆಂದು ಉಪದೇಶಿಸುವುದಕ್ಕೂ ಸ್ವತಃ ಬಿಡುವುದಕ್ಕೂ ನಡುವಣ ಅಂತರವು ಆಗ ಗೋಚರವಾಗುತ್ತದೆ. ಆದಕಾರಣ ಕಾರ್ಯವನ್ನು ವಹಿಸುವಾಗ ಸ್ಪಷ್ಟವಾಗಿ ಹೇಳಿ, ಹೇಳಿದುದು ತಿಳಿಯಿತೇ ಎಂದು ಸೌಮ್ಯವಾಗಿ ವಿಚಾರಿಸಬೇಕು. ತಪ್ಪನ್ನು ಏಕಾಂತದಲ್ಲಿ ತಿದ್ದಿ, ಗುಣವನ್ನು ಸಭೆಯಲ್ಲಿ ಹೊಗಳಬೇಕು. ಕೊನೆಯಲ್ಲಿ ಕುಳಿತವನನ್ನು ಮೊದಲು ಮಾತನಾಡಿಸಬೇಕು.

ಕಾಯಕವು ಕೈಗಳನ್ನು ಕೂಡಿಸುವುದು, ದಾಸೋಹವು ಪಂಕ್ತಿಯನ್ನು ಕೂಡಿಸುವುದು. ಮನಸ್ಸುಗಳನ್ನು ಕೂಡಿಸುವುದು ಕಿವಿಗೊಟ್ಟು ಕೇಳಿದ ಬಳಿಕ ಆಡಿದ ಮೃದುನುಡಿ. ಈ ಮಹೋತ್ಸವದ ಚಪ್ಪರವನ್ನು ನಾಳೆ ಬಿಚ್ಚುವರು. ಅದರ ಕೆಳಗೆ ಕೂಡಿದ ಜನರು ಬೇರ್ಪಡದಿರಬೇಕಾದರೆ, ಅಕ್ಕಿಯನ್ನು ಅಳೆಯುವ ಹುಡುಗನ ಮಾತು ಪೀಠದವರೆಗೂ ತಲಪುವ ದಾರಿಯು ನಾಳೆಯೂ ತೆರೆದಿರಲಿ.