ಬೊಂಬೆಯ ಬಾಯಲ್ಲಿ ಬಂದ ಮಾತು

ಭಯಾನಕವನ್ನು ಭರತಮುನಿ ಎಂಟು ರಸಗಳಲ್ಲಿ ಒಂದೆಂದು ಎಣಿಸಿದನು. ಆದರೂ ಭೀತಿಯ ಕಥೆಯೆಂದೊಡನೆ ನಮ್ಮ ವಿದ್ವಜ್ಜನರು ಮೂಗು ಮುರಿಯುವುದುಂಟು. ಭೀತಿಯ ಚಲನಚಿತ್ರವೆಂದರಂತೂ ಹೇಳುವುದೇ ಬೇಡ. ನಾನೂ ಬಹುಕಾಲ ಆ ಸಾಲಿನಲ್ಲೇ ನಿಂತಿದ್ದೆ. ಆ ತಾತ್ಸಾರ ತರವಲ್ಲವೆಂದು ನನಗೆ ಮನಗಾಣಿಸಿದವರು ಅಮೆರಿಕದ ಚಿತ್ರಕಥೆಗಾರರೂ ನಿರ್ದೇಶಕರೂ ಆದ ಡಾನ್ ಮ್ಯಾನ್ಸಿನಿ.

1963ರಲ್ಲಿ ಹುಟ್ಟಿದ ಇವರು, ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಚಲನಚಿತ್ರದ ವಿದ್ಯಾರ್ಥಿಯಾಗಿದ್ದಾಗಲೇ ಒಂದು ಬೊಂಬೆಯ ಕಥೆಯನ್ನು ಬರೆದರು. ಎಳೆಯರಲ್ಲಿ ಆಸೆ ಹುಟ್ಟಿಸಿ ಆಟಿಕೆ ಮಾರುವ ಜಾಹೀರಾತಿನ ಲೋಕವನ್ನು ವಿಡಂಬಿಸುವುದು ಅದರ ಉದ್ದೇಶ. ಒಂಟಿಯಾದ ಹುಡುಗನೊಬ್ಬನು ತನ್ನ ರಕ್ತವನ್ನು ಬೊಂಬೆಯ ರಕ್ತದೊಡನೆ ಬೆರೆಸಿ ಅದನ್ನು ಸೋದರನೆಂದು ಬಗೆಯುತ್ತಾನೆ. ಅವನು ಒಳಗೇ ಅದುಮಿಟ್ಟ ಕೋಪ ಬೊಂಬೆಗೆ ಜೀವ ಕೊಡುತ್ತದೆ. ಮುಂದೆ ಕಥೆ ಬೇರೆಯವರ ಕೈಯಲ್ಲಿ ಮಾರ್ಪಟ್ಟಿತು. 1988ರಲ್ಲಿ ಟಾಮ್ ಹಾಲೆಂಡ್ ನಿರ್ದೇಶಿಸಿದ ‘ಚೈಲ್ಡ್ಸ್ ಪ್ಲೇ’ ಚಿತ್ರದಲ್ಲಿ ಬೊಂಬೆಯನ್ನು ಹೊಕ್ಕಿದ್ದು ಹುಡುಗನ ಕೋಪವಲ್ಲ, ಮಂತ್ರಬಲದಿಂದ ಬಂದ ಕೊಲೆಗಾರನೊಬ್ಬನ ಆತ್ಮ. ಚಕ್ಕಿ ಎಂಬ ಆ ಬೊಂಬೆ ಲೋಕಪ್ರಸಿದ್ಧವಾಯಿತು.

ಮ್ಯಾನ್ಸಿನಿ ಸಲಿಂಗಾನುರಾಗಿ, ಅದನ್ನು ಬಹಿರಂಗವಾಗಿ ಹೇಳಿಕೊಂಡವರು. ಆದರೆ ಆ ಬಾಳಿನ ಅನುಭವ ಅವರ ಬರಹದೊಳಗೆ ಬಂದದ್ದು ನಿಧಾನವಾಗಿ. 1998ರ ‘ಬ್ರೈಡ್ ಆಫ್ ಚಕ್ಕಿ’ಯಲ್ಲಿ ನಾಯಕಿಯ ಗೆಳೆಯನೊಬ್ಬ ಸಲಿಂಗಾನುರಾಗಿ, ಅವನು ಅಲ್ಲಿ ನಗೆಪಾಟಲಿನ ವಸ್ತುವಲ್ಲ. 2004ರಲ್ಲಿ ಮ್ಯಾನ್ಸಿನಿ ಮೊದಲ ಸಲ ತಾವೇ ನಿರ್ದೇಶಿಸಿದ ‘ಸೀಡ್ ಆಫ್ ಚಕ್ಕಿ’ಯಲ್ಲಿ ಬೊಂಬೆ ದಂಪತಿಗಳಿಗೊಂದು ಮಗು. ಅದು ಗಂಡೋ ಹೆಣ್ಣೋ ಎಂದು ತಂದೆತಾಯಿಗಳು ಜಗ್ಗಾಡುತ್ತಾರೆ. ತಾನು ಒಮ್ಮೆ ಗಂಡೆಂದೂ ಒಮ್ಮೆ ಹೆಣ್ಣೆಂದೂ ಭಾವಿಸುವೆನೆಂಬುದು ಮಗುವಿನ ಉತ್ತರ. ಹಾಸ್ಯದ ಹೊದಿಕೆಯೊಳಗೆ ಎಂಥ ವೇದನೆ! ಚಿತ್ರದ ಗಳಿಕೆ ಹಿಂದಿನದರ ಸುಮಾರು ಅರ್ಧಕ್ಕೆ ಇಳಿಯಿತು. ಮುಂದಿನ ಚಿತ್ರಕ್ಕೆ 2013ರವರೆಗೆ ಕಾಯಬೇಕಾಯಿತು. 2019ರಲ್ಲಿ, ಮೊದಲ ಚಿತ್ರದ ಹಕ್ಕುಳ್ಳವರು ಮ್ಯಾನ್ಸಿನಿಯವರನ್ನು ಬಿಟ್ಟೇ ಅದನ್ನು ಹೊಸದಾಗಿ ತೆಗೆದರು. ಆದರೆ ಅವರು ಮಾತ್ರ ತಮ್ಮ ಬೊಂಬೆಯನ್ನು ಬಿಡಲಿಲ್ಲ.

2021ರಿಂದ 2024ರವರೆಗೆ ಮೂರು ಆವೃತ್ತಿಗಳಲ್ಲಿ ಬಂದ ‘ಚಕ್ಕಿ’ ಎಂಬ ದೂರದರ್ಶನ ಧಾರಾವಾಹಿಯನ್ನು ರೂಪಿಸಿದವರೂ ಇವರೇ. ಅದರ ನಾಯಕ ಜೇಕ್ 14 ವರ್ಷದ ಹುಡುಗ, ತಾಯಿಯಿಲ್ಲದವನು. ಅವನ ಒಲವು ಹುಡುಗರ ಕಡೆಗೆ. ಕುಡುಕ ತಂದೆ ಇದನ್ನು ಸಹಿಸಲಾರ. ಹಳೆಯ ಬೊಂಬೆಗಳಿಂದ ಮಗ ಕಟ್ಟಿದ ಶಿಲ್ಪವನ್ನು ಒಡೆದುಹಾಕುತ್ತಾನೆ. ಆ ಬಳಿಕ ಚಕ್ಕಿ ಹುಡುಗನೊಡನೆ ಮಾತಿಗಿಳಿದು, ಗಂಡು ಹೆಣ್ಣೆಂಬ ಗೆರೆಗೆ ಸಿಗದ ಮಗು ತನಗೂ ಉಂಟೆನ್ನುತ್ತದೆ. ಅದು ನಿನಗೆ ಒಪ್ಪಿಗೆಯೇ ಎಂದು ಹುಡುಗ ಬೆರಗಾದರೆ, ಒಪ್ಪದಿರಲು ತಾನೇನು ರಾಕ್ಷಸನಲ್ಲವಲ್ಲ ಎಂಬರ್ಥದ ಉತ್ತರ ಬರುತ್ತದೆ. ಲೆಕ್ಕವಿಲ್ಲದಷ್ಟು ಕೊಲೆ ಮಾಡಿದ ಬೊಂಬೆಯ ಬಾಯಲ್ಲಿ ಈ ಮಾತು! ನೋಡುವವನು ಮೊದಲು ನಗುತ್ತಾನೆ. ಮರುಕ್ಷಣ ಆ ತಂದೆಯನ್ನು ನೆನೆದು ತಲೆ ತಗ್ಗಿಸುತ್ತಾನೆ. ಕೊಲೆಗಾರನಿಗೂ ಸಾಧ್ಯವಾದ ಮಮತೆ ಹೆತ್ತವನಿಗೆ ಸಾಧ್ಯವಾಗಲಿಲ್ಲ. ಮ್ಯಾನ್ಸಿನಿ ತೋರಿಸುವ ನಿಜವಾದ ಭಯಾನಕ ಇದೇ. ವಿದ್ಯಾರ್ಥಿದೆಸೆಯಲ್ಲಿ ಅವರು ಬರೆದ ಒಂಟಿ ಹುಡುಗನೇ ಮೂರು ದಶಕಗಳಾಚೆ ಮರಳಿ ಬಂದನೆಂದು ನನಗೆ ತೋರುತ್ತದೆ. ಆದರೆ ಈ ಸಲ ಅವನ ನೋವಿಗೊಂದು ಹೆಸರಿದೆ, ಅವನನ್ನು ಪ್ರೀತಿಸುವ ಒಬ್ಬ ಗೆಳೆಯನೂ ಇದ್ದಾನೆ.

ಬಹುಕಾಲ ಪಾಠ ಹೇಳಿದವನು ನಾನು. ತರಗತಿಯ ಹಿಂದಿನ ಬೆಂಚಿನಲ್ಲಿ ಯಾರೊಡನೆಯೂ ಬೆರೆಯದೆ ಕುಳಿತಿರುತ್ತಿದ್ದ ಕೆಲವು ಮುಖಗಳು ಈಗ ನೆನಪಾಗುತ್ತವೆ. ನವರಸಗಳ ಲಕ್ಷಣವನ್ನು ಅವರಿಗೆ ಬಾಯಿಪಾಠ ಮಾಡಿಸಿದೆನೇ ಹೊರತು, ನಿನ್ನ ಭಯವೇನು ಎಂದು ಒಬ್ಬನನ್ನಾದರೂ ಕೇಳಲಿಲ್ಲ. ಈ ಮಾತನ್ನು ಮನೆಯಲ್ಲಿ ಕುಳಿತು ಕೇಳುತ್ತಿರುವ ತಂದೆತಾಯಿಗಳಾದರೂ ಕೇಳಿಯಾರೆಂದು ಆಶಿಸುತ್ತೇನೆ.